ದೋಣಿ ಬರುವ ಹೊತ್ತಿಗೆ ದಕ್ಕೆಯ ಮೇಲಿರಿ

ಹಿಂದಿನ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಎಗ್ ದ್ವೀಪದಲ್ಲಿ ಒಂದು ವಾರ ಇದ್ದೆ ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ! ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಹತ್ತು ದಿನದಲ್ಲಿ ಸ್ಕೈ, ಎಗ್, ಬಾರಾ, ಹ್ಯಾರಿಸ್, ಲೂಯಿಸ್, ಆರ್ಕ್ನಿ ನೋಡಲು ಪಟ್ಟಿ ಮಾಡಿದ್ದೇವೆ. ನಮಗೆ ಜಾಗಕ್ಕಿಂತ ಅಲ್ಲಿನ ಜನರ ಬದುಕು ನೋಡುವ ಆಸೆ. ಪಟ್ಟಿ ಸರಿ ಇದೆಯಾ?

ಇಲ್ಲ. ಆ ಪಟ್ಟಿಯಲ್ಲಿ ನೀವು ನೋಡುವುದು ಫೆರ್ರಿಯ ಒಳಗಿನ ಕುರ್ಚಿಗಳನ್ನು. ಜನರನ್ನು ನೋಡಬೇಕು ಅಂದರೆ ಒಂದೇ ದ್ವೀಪ ಆರಿಸಿಕೊಂಡು ಕನಿಷ್ಠ ಐದು ದಿನ ಅಲ್ಲೇ ಇರಿ. ಎಗ್‌ನ ಉದಾಹರಣೆ ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವುದು ಅದು. ಗ್ಲಾಸ್ಗೋ ನಗರದಿಂದ ಕಡಲತೀರದ ಬಂದರು ಮಲ್ಲೇಗ್‌ಗೆ ರೈಲು, ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಆದರೆ ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಮಲ್ಲೇಗ್‌ನಿಂದ ಫೆರ್ರಿ. ಅದು ರಮ್, ಮಕ್, ಕ್ಯಾನಾ ದ್ವೀಪಗಳಿಗೂ ಹೋಗಬೇಕಾದ್ದರಿಂದ ವೇಳಾಪಟ್ಟಿ ದಿನಕ್ಕೊಂದು ಥರ. ಬೇಸಿಗೆಯಲ್ಲಿ ಅರಿಸೈಗ್‌ನಿಂದಲೂ ದೋಣಿ ಇರುತ್ತದೆ. ಪ್ರವಾಸಿಗರು ಎಗ್‌ಗೆ ಕಾರು ಒಯ್ಯುವ ಹಾಗಿಲ್ಲ. ಗಾಳಿ ಎದ್ದರೆ ದೋಣಿಯೇ ಇಲ್ಲ. ಹಾಗಾಗಿ ದ್ವೀಪ ಬಿಟ್ಟ ಮಾರನೇ ದಿನವೇ ವಿಮಾನದ ಟಿಕೆಟ್ ಮಾಡಿಸಬೇಡಿ. ನಡುವೆ ಎರಡು ದಿನ ಖಾಲಿ ಬಿಡಿ.

ಪ್ರಶ್ನೆ: ಎಗ್ ಜನ ತಮ್ಮ ದ್ವೀಪವನ್ನು ತಾವೇ ದುಡ್ಡು ಕೊಟ್ಟು ಕೊಂಡುಕೊಂಡರಂತೆ. ನಿಜವಾ? ಅದಕ್ಕೂ ಮುಂಚೆ ಅದು ಯಾರದಾಗಿತ್ತು?

ನಿಜ. ಮನೆ ನಿಮ್ಮದು, ದನ ಕುರಿ ನಿಮ್ಮದು, ಆದರೆ ಕಾಲಿಟ್ಟ ನೆಲ ಎಲ್ಲೋ ಇರುವ ಒಡೆಯನದು. ಸ್ಕಾಟ್ಲೆಂಡಿನ ದ್ವೀಪಗಳ ಹಳೇ ಕತೆ ಇದು. ಎಗ್ ಕೂಡ ಒಬ್ಬ ಒಡೆಯನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಾ ಬಂದಿತ್ತು. ಗುತ್ತಿಗೆಯೇ ಗಟ್ಟಿ ಇಲ್ಲದಾಗ ಸೋರುವ ಮಾಡಿಗೆ ಯಾರು ದುಡ್ಡು ಹಾಕುತ್ತಾರೆ ಹೇಳಿ. ಕೊನೆಗೆ ದ್ವೀಪದವರು, ಆ ಭಾಗದ ಸ್ಥಳೀಯ ಸರಕಾರವಾದ ಹೈಲ್ಯಾಂಡ್ ಕೌನ್ಸಿಲ್ ಮತ್ತು ವನ್ಯಜೀವಿ ಸಂಸ್ಥೆ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಸೇರಿ ಒಂದು ಟ್ರಸ್ಟ್ ಮಾಡಿಕೊಂಡು 1997ರ ಜೂನ್ 12ರಂದು ದ್ವೀಪವನ್ನು ತಮ್ಮದಾಗಿಸಿಕೊಂಡರು. ಬೆಲೆ ಸುಮಾರು 15 ಲಕ್ಷ ಪೌಂಡ್. ಊರೂರಿನಿಂದ ಬಂದ ದೇಣಿಗೆ ಅದು, ದೊಡ್ಡ ಪಾಲು ಹೆಸರು ಹೇಳದ ಒಬ್ಬ ದಾನಿಯದು. ಆಗ ಅಲ್ಲಿದ್ದವರು ಅರವತ್ತು ಚಿಲ್ಲರೆ ಜನ. ಈಗ ನೂರರ ಆಸುಪಾಸು. ಈಗಲೂ ಪ್ರತಿ ಜೂನ್‌ನಲ್ಲಿ ಆ ದಿನದ ನೆನಪಿಗೆ ಕೇಲಿ ನಡೆಯುತ್ತದೆ, ಅಂದರೆ ಪಿಟೀಲು, ಅಕಾರ್ಡಿಯನ್ ಹಿಡಿದು ಬೆಳಗಿನ ತನಕ ಕುಣಿತ.

ನನಗೆ ಇದಕ್ಕಿಂತ ಹಿಡಿಸಿದ್ದು ಅಲ್ಲಿನ ಕರೆಂಟು. ಮುಖ್ಯ ನಾಡಿನಿಂದ ತಂತಿ ಬಂದಿಲ್ಲ. 2008ರ ತನಕ ಮನೆಮನೆಯಲ್ಲೂ ಡೀಸೆಲ್ ಜನರೇಟರ್ ಗುರುಗುಟ್ಟುತ್ತಿತ್ತು. ಆ ವರ್ಷ ನೀರು, ಗಾಳಿ, ಬಿಸಿಲು ಮೂರರಿಂದಲೂ ಕರೆಂಟ್ ತೆಗೆದು ಹಂಚುವ ತಮ್ಮದೇ ಜಾಲ ಮಾಡಿಕೊಂಡರು. ಒಂದು ನಿಯಮ ಇದೆ. ಯಾವ ಮನೆಯೂ ಒಂದು ಹೊತ್ತಿಗೆ 5 ಕಿಲೋವಾಟ್ ದಾಟುವಂತಿಲ್ಲ. ದೊಡ್ಡ ಮನೆಗೂ ಅಷ್ಟೇ, ಚಿಕ್ಕ ಮನೆಗೂ ಅಷ್ಟೇ. ನಾನಿದ್ದ ಮನೆಯಾಕೆ ಟೀಗೆ ಕೆಟಲ್ ಒತ್ತುವ ಮುಂಚೆ ತಲೆ ಓರೆ ಮಾಡಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ಮೊದಲ ದಿನ ನನಗೆ ಅರ್ಥವಾಗಲಿಲ್ಲ. ಒಳಗೆ ವಾಷಿಂಗ್ ಮಷೀನ್ ನೀರು ಕಾಯಿಸುತ್ತಿದೆಯಾ ಅಂತ ಕೇಳಿಸಿಕೊಳ್ಳುತ್ತಿದ್ದರು! ಎರಡೂ ಒಟ್ಟಿಗೆ ಓಡಿದರೆ ಮನೆ ಕತ್ತಲು.

ಪ್ರಶ್ನೆ: ನನಗೆ ಸಂಕೋಚ ಜಾಸ್ತಿ. ಗುರುತಿಲ್ಲದವರನ್ನು ಅಲ್ಲಿನವರು ಮಾತಾಡಿಸುತ್ತಾರಾ? ಹೇಗೆ ಶುರು ಮಾಡಲಿ?

ದೋಣಿ ಬರುವ ಹೊತ್ತಿಗೆ ದಕ್ಕೆಗೆ ಹೋಗಿ. ಇಷ್ಟೇ ಉಪಾಯ. ಅಂಗಡಿ, ಕೆಫೆ ಎಲ್ಲ ಅಲ್ಲೇ ಪಕ್ಕದಲ್ಲಿವೆ. ದೋಣಿ ಕಂಡರೆ ಅರ್ಧ ಊರು ಅಲ್ಲಿರುತ್ತದೆ: ಹಾಲಿನ ಕ್ರೇಟು, ಟಪಾಲು, ಯಾರದೋ ಹೊಸ ಹಾಸಿಗೆ, ಕುರಿಗಳಿಗೆ ಮೇವು. ಹೈಸ್ಕೂಲ್ ಮಕ್ಕಳೂ ಅದರಲ್ಲೇ ಬರಬೇಕು, ಯಾಕೆಂದರೆ ದ್ವೀಪದಲ್ಲಿರುವುದು ಪ್ರೈಮರಿ ಶಾಲೆ ಮಾತ್ರ. ದೊಡ್ಡ ಮಕ್ಕಳು ಮಲ್ಲೇಗ್‌ನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ಅಲ್ಲಿ ನಿಂತು ಮೊಬೈಲ್ ಎತ್ತಿ ಫೋಟೋ ಹೊಡೆಯುವವರನ್ನು ಅವರು ನೋಡಿ ನೋಡಿ ಸುಸ್ತಾಗಿದ್ದಾರೆ. ಒಂದು ಪೆಟ್ಟಿಗೆಗೆ ಕೈ ಕೊಡಿ, ಮಾತು ತಾನಾಗಿ ಬರುತ್ತದೆ. ಮೊದಲು ಹವಾಮಾನ. ಅದನ್ನು ಕಾಟಾಚಾರದ ಮಾತು ಅಂದುಕೊಳ್ಳಬೇಡಿ. ನಾಳೆ ಅಕ್ಕಿ ಬರುತ್ತದಾ, ದಂತವೈದ್ಯರ ಹತ್ತಿರ ಹೋಗಲು ಆಗುತ್ತದಾ, ಎಲ್ಲ ಅದರ ಮೇಲೇ ನಿಂತಿದೆ.

ಒಂದು ಪ್ರಶ್ನೆ ಮಾತ್ರ ಕೇಳಬೇಡಿ: "ಇಲ್ಲಿ ಬೇಜಾರಾಗಲ್ವಾ?" ನಾನು ಕೇಳಿ ಪೆದ್ದನಾದೆ. ಎದುರಿಗಿದ್ದ ವ್ಯಕ್ತಿ ಬೆಳಗ್ಗೆ ದಕ್ಕೆಯಲ್ಲಿ ಹಗ್ಗ ಹಿಡಿದಿದ್ದರು, ಮಧ್ಯಾಹ್ನ ಯಾರದೋ ಮನೆಯ ಪೈಪ್ ರಿಪೇರಿ, ಸಂಜೆ ಕುರಿ, ರಾತ್ರಿ ಸಭೆ. "ಬೇಜಾರಾಗಲು ಪುರುಸೊತ್ತು ಬೇಕಲ್ಲ" ಎಂದರು. ಅಲ್ಲಿ ಒಬ್ಬೊಬ್ಬರದೂ ನಾಲ್ಕು ಕೆಲಸ. ಅದರ ಮೇಲೆ ಸಭೆ ಬೇರೆ, ಒಡೆಯರಾದ ಮೇಲೆ ಚರಂಡಿಯ ಬಗ್ಗೆಯೂ ತಾವೇ ಕೂತು ಜಗಳವಾಡಬೇಕಲ್ಲ!

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ದ್ವೀಪದ ಹೆಸರೇ ಎಗ್!

ಹೆದರಬೇಡಿ, ಮೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ಹಳೇ ಭಾಷೆಯಾದ ಗೇಲಿಕ್‌ನಲ್ಲಿ ಕಚ್ಚು, ತಗ್ಗು ಅನ್ನುವ ಅರ್ಥದ ಪದದಿಂದ ಬಂದ ಹೆಸರು ಅಂತ ಹೇಳುತ್ತಾರೆ. ಅಡುಗೆಮನೆ ಇರುವ ವಸತಿ ಹಿಡಿಯಿರಿ, ಬೇಳೆ ಮಸಾಲೆ ಜೊತೆಗೆ ಒಯ್ಯಿರಿ.

ಪ್ರಶ್ನೆ: ಒಂದು ತಿಂಗಳು ಯಾರದಾದರೂ ತೋಟದಲ್ಲಿ ದುಡಿದು, ಊಟ ವಸತಿ ಅಲ್ಲೇ ಪಡೆಯಬಹುದಾ? ನನ್ನದು ಪ್ರವಾಸಿ ವೀಸಾ.

ಬೇಡ. ಊಟ ವಸತಿಗೆ ಬದಲಾಗಿ ದುಡಿಯುವುದೂ ಬ್ರಿಟನ್ ಸರಕಾರದ ಲೆಕ್ಕದಲ್ಲಿ ಕೆಲಸವೇ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ. ನೋಂದಾಯಿತ ದತ್ತಿ ಸಂಸ್ಥೆಯಲ್ಲಿ ಸ್ವಯಂಸೇವೆ ಮಾಡಬಹುದು. ಅದೂ ಒಟ್ಟು 30 ದಿನ ಮೀರಬಾರದು, ಪ್ರವಾಸದ ಮುಖ್ಯ ಉದ್ದೇಶವೇ ಅದಾಗಿರಲೂಬಾರದು.

ಪ್ರಶ್ನೆ: ಲೂಯಿಸ್ ದ್ವೀಪಕ್ಕೆ ಭಾನುವಾರ ಹೋಗಿ ಮುಟ್ಟುತ್ತೇವೆ. ತೊಂದರೆ ಇಲ್ವಾ?

ಶನಿವಾರವೇ ದಿನಸಿ ತಂದಿಟ್ಟುಕೊಳ್ಳಿ. ಅಲ್ಲಿ ಭಾನುವಾರ ಅಂದರೆ ದೇವರ ದಿನ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಲೂಯಿಸ್‌ನ ಬಂದರು ಊರು ಸ್ಟೋರ್ನೋವೇಯಿಂದ ಭಾನುವಾರ ಫೆರ್ರಿ ಶುರುವಾಗಿದ್ದೇ 2009ರಲ್ಲಿ, ಅದಕ್ಕೂ ದೊಡ್ಡ ವಿರೋಧ ಇತ್ತು. ಬಟ್ಟೆ ಒಗೆದು ಹೊರಗೆ ಒಣಹಾಕಬೇಡಿ. ಯಾರೂ ಬಯ್ಯುವುದಿಲ್ಲ, ಆದರೆ ಎಲ್ಲರೂ ನೋಡಿರುತ್ತಾರೆ.

ಪ್ರಶ್ನೆ: ಸೇಂಟ್ ಕಿಲ್ಡಾ ಇನ್ನೂ ದೂರವಂತೆ. ಅಲ್ಲಿನ ಹಳ್ಳಿಯವರ ಜೊತೆ ಇರಬಹುದಾ?

ಅಲ್ಲಿ ಹಳ್ಳಿಯವರು ಯಾರೂ ಇಲ್ಲ. ಉಳಿದಿದ್ದ 36 ಜನ ನಮ್ಮನ್ನು ಇಲ್ಲಿಂದ ಕರೆದೊಯ್ಯಿರಿ ಅಂತ ತಾವೇ ಸರಕಾರಕ್ಕೆ ಬರೆದುಕೊಂಡು, 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ದುಡಿಯುವ ಕೈ ಕಡಿಮೆಯಾಗಿತ್ತು, ಕಾಯಿಲೆ ಬಿದ್ದರೆ ಗತಿ ಇರಲಿಲ್ಲ. ಸಾಲು ಮನೆಗಳ ಕಲ್ಲುಗೋಡೆ ಇನ್ನೂ ನಿಂತಿದೆ. ಎಗ್‌ನಲ್ಲಿ ಒಂದು ಮಗು ಹುಟ್ಟಿದರೆ ಊರೆಲ್ಲ ಯಾಕೆ ಸಂಭ್ರಮ ಪಡುತ್ತದೆ ಅನ್ನುವುದು ಈ ಕತೆ ಗೊತ್ತಿದ್ದರೆ ತಿಳಿಯುತ್ತದೆ.

ಪ್ರಶ್ನೆ: ಉಳಿದುಕೊಳ್ಳುವ ಮನೆಯವರಿಗೆ ಉಡುಗೊರೆ ಏನು ಒಯ್ಯಲಿ?

ಗಂಧದ ಆನೆ ಬೇಡ. ಮಲ್ಲೇಗ್‌ನಲ್ಲಿ ದೋಣಿ ಹತ್ತುವ ಹಿಂದಿನ ದಿನ "ಏನಾದರೂ ತರಬೇಕಾ?" ಅಂತ ಒಂದು ಮೆಸೇಜ್ ಹಾಕಿ. ನನಗೆ ಬಂದ ಉತ್ತರ: ಒಂದು ಸೈಕಲ್ ಟ್ಯೂಬು, ಎರಡು ಕಟ್ಟು ಕೊತ್ತಂಬರಿ ಸೊಪ್ಪು. ಕೊತ್ತಂಬರಿ ಅರ್ಧ ಬಾಡಿತ್ತು, ಆದರೂ ಮನೆಯಾಕೆ ಮೂಸಿ ನೋಡಿ ನಕ್ಕರು. ಟ್ಯೂಬ್ ಹಾಕಿದ ಸೈಕಲ್ಲನ್ನು ಮಾರನೇ ಬೆಳಗ್ಗೆ ನನಗೇ ಕೊಟ್ಟು, ಕ್ಲೀಡೇಲ್ ಹಳ್ಳಿ ತನಕ ಹೋಗಿ ಬನ್ನಿ, ಅಲ್ಲಿನ ಕಡಲತೀರದ ಒಣಗಿದ ಮರಳ ಮೇಲೆ ಕಾಲು ಎಳೆದು ನಡೆಯಿರಿ, ಅದು ಕಿರ್ ಅಂತ ಹಾಡುತ್ತದೆ ಎಂದರು. ಹೋದೆ. ಮಳೆ ಬಂದು ಮರಳೆಲ್ಲ ಒದ್ದೆಯಾಗಿತ್ತು, ಒಂದು ಸದ್ದೂ ಬರಲಿಲ್ಲ.