ಅಮೆಜಾನ್ ಕಾಡಿಗೆ ಅತ್ತೆಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಲಿಮಾದಲ್ಲಿ ಕೆಲಸದಲ್ಲಿರುವ ತಮ್ಮ, ಪೆರುವಿನ ಇಕ್ವಿಟೋಸ್ ಬಳಿಯ ಇಕೋ ಲಾಡ್ಜ್ (ಪರಿಸರಸ್ನೇಹಿ ವಸತಿಗೃಹ) ಒಂದಕ್ಕೆ ನಮ್ಮನ್ನೆಲ್ಲ ಕರೆಯುತ್ತಿದ್ದಾನೆ. ಜೊತೆಗೆ 68 ವರ್ಷದ ಅತ್ತೆ, ಏಳು ವರ್ಷದ ಮಗಳು. ಹೋಗಬಹುದೇ?
– ಓದುಗರು, ಇಳಕಲ್

ಉತ್ತರ: ಖಂಡಿತ ಹೋಗಿ. ಆದರೆ ಟಿಕೆಟ್ ಮಾಡಿಸುವ ಮೊದಲು ಅತ್ತೆಯವರನ್ನು ವೈದ್ಯರಿಗೆ ತೋರಿಸಿ. ಪೆರುವಿನಿಂದ ಭಾರತಕ್ಕೆ ಮರಳುವವರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿ 10 ದಿನ ಕಳೆದ ಮೇಲಷ್ಟೇ ಪತ್ರ ಊರ್ಜಿತ. 60 ದಾಟಿದವರಿಗೆ ಮೊದಲ ಬಾರಿ ಈ ಲಸಿಕೆ ಕೊಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಅಪರೂಪವಾದರೂ ತೀವ್ರ ಅಡ್ಡಪರಿಣಾಮದ ಭಯವಿದೆ. ಬೇಡವೆಂದರೆ ಹಟ ಹಿಡಿಯಬೇಡಿ. ಮಲೇರಿಯಾ ಬಗ್ಗೆಯೂ ಅಲ್ಲೇ ಕೇಳಿಕೊಳ್ಳಿ.

ಇಕ್ವಿಟೋಸ್‌ಗೆ ದೇಶದ ಉಳಿದ ಭಾಗದಿಂದ ರಸ್ತೆಯೇ ಇಲ್ಲ. ಲಿಮಾದಿಂದ ಸುಮಾರು ಎರಡು ಗಂಟೆಯ ವಿಮಾನ, ಇಲ್ಲವೇ ದಿನಗಟ್ಟಲೆ ದೋಣಿ. ಇರುವ ಒಂದು ಹೆದ್ದಾರಿ ನೌಟಾ ಎಂಬ ಊರು ಮುಟ್ಟಿ ನಿಂತುಬಿಡುತ್ತದೆ. ಬಸ್ಸು ಬಾರದ ಊರು ತಣ್ಣಗಿರುತ್ತದೆ ಎಂದುಕೊಳ್ಳಬೇಡಿ. ಮೂರು ಗಾಲಿಯ ಮೋಟೊಟ್ಯಾಕ್ಸಿಗಳ ಗದ್ದಲದ ಮುಂದೆ ನಮ್ಮ ವಿಜಯಪುರದ ಗಾಂಧಿ ಚೌಕ ಎಷ್ಟೋ ವಾಸಿ.

ಲಾಡ್ಜ್ ಸೇರಲು ದೋಣಿ ಹತ್ತಬೇಕು. ಹಿರಿಯರ ಮೊಣಕಾಲಿಗೆ ಪರೀಕ್ಷೆ ಇರುವುದು ಇಲ್ಲಿ. ಅಮೆಜಾನ್ ವರ್ಷದಲ್ಲಿ ಹಲವು ಮೀಟರ್ ಏರಿ ಇಳಿಯುತ್ತದೆ. ಏಪ್ರಿಲ್, ಮೇ ಹೊತ್ತಿಗೆ ತುಂಬಿರುತ್ತದೆ. ದೋಣಿ ಮೆಟ್ಟಿಲವರೆಗೂ ಬರುತ್ತದೆ, ಮುಳುಗಿದ ಮರಗಳ ನಡುವೆಯೇ ಹುಟ್ಟು ಹಾಕುತ್ತ ಸಾಗಬಹುದು. ಸೆಪ್ಟೆಂಬರ್‌ನಲ್ಲಿ ಹೋದರೆ ಕಾಡಿನಲ್ಲಿ ನಡೆದಾಡಲು ನೆಲ ಸಿಗುತ್ತದೆ, ಆದರೆ ದಡದ ಕೆಸರಿನ ಏರು ಹತ್ತಬೇಕು. ನಾವು ಮೇ ತಿಂಗಳನ್ನು ಆರಿಸಿಕೊಂಡದ್ದೇ ನಮ್ಮ ಅತ್ತೆಯವರಿಗಾಗಿ. ಗುಲಾಬಿ ಡಾಲ್ಫಿನ್ ಕಂಡಾಗ ಅವರು ಕೈ ಮುಗಿದರು. ಯಜಮಾನರು ಕ್ಯಾಮೆರಾ ತೆಗೆಯುವಷ್ಟರಲ್ಲಿ ಅದು ಮುಳುಗಿತ್ತು.

ಕೋಣೆ ಕಾಯ್ದಿರಿಸುವ ಮುನ್ನ ತಮ್ಮನಿಂದ ಕೇಳಿಸಿ: ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಜನರೇಟರ್ ರಾತ್ರಿಯಿಡೀ ಓಡುತ್ತದೆಯೇ? ಮಾರ್ಗದರ್ಶಿಗಳು ಹತ್ತಿರದ ಹಳ್ಳಿಯವರೇ? ತಡವರಿಸಿದರೆ ಬೇರೆ ಕಡೆ ನೋಡಿ. ಕಾಡುಪ್ರಾಣಿಯನ್ನು ಹಿಡಿದಿಟ್ಟು ಮಕ್ಕಳ ತೋಳಿಗೆ ಕೊಟ್ಟು ಫೋಟೋ ತೆಗೆಸುವ ಜಾಗವಾದರೆ ಬೇಡವೇ ಬೇಡ. ಅಂಥದ್ದೊಂದು ಜಾಗಕ್ಕೆ ನಮ್ಮನ್ನೂ ಕರೆದಿದ್ದರು, ಒಲ್ಲೆ ಎಂದೆ. ಮರಕ್ಕೆ ಜೋತುಬಿದ್ದು ನಿಧಾನವಾಗಿ ಚಲಿಸುವ ಸ್ಲಾತ್ ಎಂಬ ಪ್ರಾಣಿಯನ್ನು ಎತ್ತಿಕೊಳ್ಳುವ ಆಸೆ ಕೈತಪ್ಪಿತೆಂದು ಮಗಳು ಸಂಜೆಯವರೆಗೂ ಮುನಿಸಿಕೊಂಡಿದ್ದಳು. ಮುನಿಸಿಕೊಳ್ಳಲಿ.

ಪ್ರಶ್ನೆ: ಅಲ್ಲಿ ಸಸ್ಯಾಹಾರಿಗಳ ಗತಿ ಏನು? ಖಡಕ್ ರೊಟ್ಟಿ ಒಯ್ಯಬಹುದೇ?
– ಓದುಗರು, ಮುದ್ದೇಬಿಹಾಳ

ಉತ್ತರ: ಉಪವಾಸವೇನೂ ಬೀಳುವುದಿಲ್ಲ. ಅನ್ನ, ಕಾಳು, ಬಾಳೆಕಾಯಿ, ಮರಗೆಣಸು ಅಲ್ಲಿಯವರ ನಿತ್ಯದ ಊಟ. ಎಲೆಯಲ್ಲಿ ಕಟ್ಟಿ ಬೇಯಿಸಿದ ಹುವಾನೆ ಎಂಬ ಅನ್ನದ ಗಂಟು ನೋಡಲು ಸಾತ್ವಿಕವಾಗಿ ಕಂಡರೂ ಒಳಗೆ ಸಾಮಾನ್ಯವಾಗಿ ಕೋಳಿ ಇರುತ್ತದೆ, ಬಿಚ್ಚುವ ಮೊದಲೇ ಕೇಳಿ. ರೊಟ್ಟಿ ಒಯ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಅಲ್ಲಿ 2,500 ಮಿ.ಮೀ. ದಾಟುತ್ತದೆ, ಆ ತೇವಕ್ಕೆ ಖಡಕ್ ರೊಟ್ಟಿ ರಾತ್ರಿ ಕಳೆಯುವುದರೊಳಗೆ ಚರ್ಮದಂತೆ ಜಿಗುಟಾಗುತ್ತದೆ. ಶೇಂಗಾ ಚಟ್ನಿಪುಡಿಗೆ ಆ ತೊಂದರೆ ಕಡಿಮೆ. ಹಸಿ ಹಣ್ಣು, ಬೀಜಗಳನ್ನು ಮನೆಯಲ್ಲೇ ಬಿಡಿ. ಉಳಿದ ತಿನಿಸನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮುಚ್ಚಿಡದೆ ಹೇಳಿಬಿಡಿ.