ಆರಾಮಾಗಿದ್ದರೂ ಮತ್ತೆ ಎಂಆರ್‌ಐ ಯಾಕೆ?

ತಂಗಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ರೋಗ) ಇದೆ, ಔಷಧ ಶುರುವಾದ ಮೇಲೆ ಆರಾಮಾಗಿದ್ದಾಳೆ, ಆದರೂ ಆರು ತಿಂಗಳಿಗೇ ಮತ್ತೆ ಮೆದುಳಿನ ಎಂಆರ್‌ಐ ಬರೆದಿದ್ದಾರೆ, ಸುಮ್ನೆ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ದಂಡ ಅಲ್ಲ, ದಯವಿಟ್ಟು ಮಾಡಿಸಿ.

ಎಂಎಸ್‌ನಲ್ಲಿ ಮೆದುಳಿನಲ್ಲಿ ಹೊಸ ಕಲೆ (ರೋಗ ದಾಳಿ ಮಾಡಿದ ಜಾಗದ ಗುರುತು) ಬಿದ್ದರೂ ಎಷ್ಟೋ ಸಲ ಹೊರಗೆ ಏನೂ ಗೊತ್ತಾಗುವುದಿಲ್ಲ. ಕೈ ಜೋಮು ಹಿಡಿಯುವುದು, ಕಣ್ಣು ಮಂಜಾಗುವುದು, ಇಂಥ ಲಕ್ಷಣಗಳಿಗಿಂತ ಸದ್ದಿಲ್ಲದೆ ಬೀಳುವ ಕಲೆಗಳೇ ಜಾಸ್ತಿ. ಔಷಧ ಪೂರ್ತಿ ಹಿಡಿಯಲು ಕೆಲವು ತಿಂಗಳು ಬೇಕು, ಹಾಗಾಗಿ ಈಗ ತೆಗೆಯುವ ಚಿತ್ರವೇ ಮುಂದಿನ ಹೋಲಿಕೆಗೆ ಆಧಾರ. ಇದಿಲ್ಲದೆ ಮುಂದಿನ ವರ್ಷ ಹೊಸ ಕಲೆ ಕಂಡರೆ ಅದು ಔಷಧ ಹಿಡಿಯುವ ಮುಂಚೆ ಬಿದ್ದದ್ದೋ, ಔಷಧ ಸಾಲದೆ ಬಿದ್ದದ್ದೋ ಹೇಳುವುದು ಕಷ್ಟ. ಔಷಧ ಬದಲಿಸುವ ನಿರ್ಧಾರ ಇದರ ಮೇಲೂ ನಿಂತಿರುತ್ತದೆ.

ಸ್ಕ್ಯಾನ್ ವೇಳೆ ಕಲೆ ಎದ್ದು ಕಾಣಲೆಂದು ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ. ಈಗಷ್ಟೇ ಉರಿಯೂತ ಇರುವ ಕಲೆ ಅದರಿಂದ ಹೊಳೆಯುತ್ತದೆ, ಅದೂ ಕೆಲವೇ ವಾರ. ಹೊಳೆಯುವ ಕಲೆ, ಹೊಳೆಯದ ಹಳೇ ಕಲೆ ಎರಡೂ ಒಟ್ಟಿಗೆ ಕಂಡರೆ ರೋಗ ಬೇರೆ ಬೇರೆ ಸಮಯದಲ್ಲಿ ದಾಳಿ ಮಾಡಿದೆ ಎಂದರ್ಥ, ಅದಕ್ಕೇ ಮೊದಲ ಸಲ ರೋಗ ಗುರುತಿಸುವಾಗ ಈ ಇಂಜೆಕ್ಷನ್ ಬೇಕು. ಆಮೇಲಿನ ಪ್ರತಿ ಸ್ಕ್ಯಾನ್‌ಗೂ ಬೇಕಿಲ್ಲ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಈ ಸಲ ಬೇಕಾ ಎಂದು ಡಾಕ್ಟರನ್ನು ನೇರವಾಗಿ ಕೇಳಿ.

ಸಾಧ್ಯವಾದರೆ ಹಿಂದಿನ ಮಷೀನಿನಲ್ಲೇ ಮಾಡಿಸಿ, ಹಳೇ ಸಿಡಿ ಮರೆಯದೆ ಒಯ್ಯಿರಿ. ಬರೀ ವರದಿಯ ಕಾಗದ ಸಾಲದು.