ರೈತರ ಮಗನಾಗಿ ರೈತರ ಪ್ರತಿಭಟನೆಯನ್ನು ಪಕ್ಷಪಾತವಿಲ್ಲದೆ ಸೆರೆಹಿಡಿಯಬಹುದೇ?

ನಿಮ್ಮದು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ಊರು. ನಾಲೆ ನೀರಿಗಾಗಿ ದಾವಣಗೆರೆಯ ಜಯದೇವ ವೃತ್ತದಲ್ಲಿ ನಡೆಯುವ ಧರಣಿಯ ಚಿತ್ರಗಳನ್ನು ಪತ್ರಿಕೆಗೆ ವಸ್ತುನಿಷ್ಠವಾಗಿ ತೆಗೆದುಕೊಡಲು ಆದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ರೈತರ ಮೇಲಿನ ಒಲವನ್ನು ಮನಸ್ಸಿನಿಂದ ಕಿತ್ತುಹಾಕಬೇಕಿಲ್ಲ. ಅದು ಎಲ್ಲೆಲ್ಲಿ ನುಸುಳುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಮೊದಲು ನುಸುಳುವುದು ನೀವು ನಿಲ್ಲುವ ಜಾಗದಲ್ಲಿ. ದೂರ ನಿಂತು, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸಿನಲ್ಲಿ ತೆಗೆದರೆ ಹಿಂದಿನ ಸಾಲು ಮುಂದಿನದಕ್ಕೆ ಅಂಟಿಕೊಂಡಂತೆ ಕಂಡು, ನೂರೈವತ್ತು ಜನವೂ ಜನಸಾಗರವಾಗುತ್ತದೆ. ಅದೇ ಗುಂಪನ್ನು ಅಗಲ ನೋಟದ 24 ಎಂಎಂ ಲೆನ್ಸಿನಲ್ಲಿ ಎತ್ತರದಿಂದ ತೆಗೆಯಿರಿ, ನಡುವಿನ ಖಾಲಿ ಡಾಂಬರೆಲ್ಲ ಕಾಣುತ್ತದೆ. ಎರಡೂ ನಿಜವಾದ ಚಿತ್ರಗಳೇ, ಆದ್ದರಿಂದಲೇ ಎಚ್ಚರ ಬೇಕು. ಅಕ್ಕಪಕ್ಕದ ಮಹಡಿಯಿಂದ ಇಡೀ ವೃತ್ತ ಕಾಣುವ ಒಂದು ಚಿತ್ರವನ್ನು ತಪ್ಪದೆ ತೆಗೆಯಿರಿ, ಗಂಟೆ ಬಿಟ್ಟು ಅಲ್ಲಿಂದಲೇ ಇನ್ನೊಂದು. ಅಚ್ಚಾಗದಿದ್ದರೂ ಲೆಕ್ಕಕ್ಕೆ ಬೇಕಾಗುತ್ತದೆ.

ಸಂಘಟಕರು ಹೇಳಿದ ಸಂಖ್ಯೆಯನ್ನು ಹಾಗೇ ಬರೆಯಬೇಡಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಕೊಟ್ಟ ಲೆಕ್ಕ ಈಗಲೂ ಉಪಯೋಗಕ್ಕೆ ಬರುತ್ತದೆ: ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ 4.5. ಜನ ತುಂಬಿದ ಜಾಗ 100 ಅಡಿ ಉದ್ದ, 40 ಅಡಿ ಅಗಲವಿದ್ದರೆ 400ರಿಂದ 890 ಜನ. ಎರಡು ಸಾವಿರ ಎಂದವರನ್ನು ಆಗ ಧೈರ್ಯವಾಗಿ ಪ್ರಶ್ನಿಸಬಹುದು.

ತಿದ್ದುವಾಗ ಬೆಳಕು, ಬಣ್ಣ ಸ್ವಲ್ಪ ಸರಿಪಡಿಸಬಹುದು, ಚೌಕಟ್ಟಿನೊಳಗಿನ ಏನನ್ನೂ ಅಳಿಸುವಂತಿಲ್ಲ. ಸಿರಿಯಾದ ಚಿತ್ರವೊಂದರ ಮೂಲೆಯಲ್ಲಿದ್ದ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದಕ್ಕೆ ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ಜೊತೆಗಿನ ಸಂಬಂಧವನ್ನು ಎಪಿ ಸುದ್ದಿಸಂಸ್ಥೆ 2014ರಲ್ಲಿ ಕಡಿದುಕೊಂಡಿತು. ಅವರು ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಪಡೆದ ತಂಡದಲ್ಲಿದ್ದವರು.

ಆಯ್ಕೆ ಮಾಡುವಾಗ ಇನ್ನೂ ಕಷ್ಟ. ಎರಡು ಗಂಟೆ ಜನ ಸುಮ್ಮನೆ ಕೂತು ಭಾಷಣ ಕೇಳಿ, ಅರ್ಧ ನಿಮಿಷ ಕೈಯೆತ್ತಿ ಕೂಗಿದರೆ ಪುಟಕ್ಕೆ ಹೋಗುವುದು ಕೂಗಿನ ಚಿತ್ರವೇ. ಅದನ್ನು ಕಳಿಸಿ, ಜೊತೆಗೆ ಕೂತವರದ್ದನ್ನೂ ಕಳಿಸಿ. ಅಡಿಬರಹದಲ್ಲಿ ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಬೇಡಿಕೆ ಏನು ಎಂಬುದಿರಲಿ. ‘ಆಕ್ರೋಶ ಭುಗಿಲೆದ್ದಿತು’ ಬೇಡ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಬೇರೆ. ಈ ಜಗಳ ರೈತರು ಮತ್ತು ಸರ್ಕಾರದ ನಡುವೆ ಮಾತ್ರ ಇಲ್ಲ, ನಾಲೆಯ ಮೇಲ್ಭಾಗದವರಿಗೂ ಕೊನೆ ಭಾಗದವರಿಗೂ ಇದೆ. ನಿಮಗೆ ಕಾಣದೇ ಹೋಗುವುದು ಇದೇ. ನೀರಾವರಿ ಎಂಜಿನಿಯರ್‌ರಿಂದ ಆ ದಿನ ನಾಲೆಗೆ ಬಿಟ್ಟ ನೀರು ಎಷ್ಟು ಕ್ಯುಸೆಕ್ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿದವರ ಗದ್ದೆಗೂ ಹೋಗಿ, ಅವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ, ಧರಣಿಯ ಚಿತ್ರ ಬಂದ ಪುಟದಲ್ಲೇ ಅವರ ಚಿತ್ರಕ್ಕೂ ಜಾಗ ಕೇಳಿ.